ಯಾರೂ ಮಾತಾಡದ ಹೊಸ ಪಾಪ್ ಎಲ್‌ಪಿಗಳು: ಕಾರವಾರ–ಶಿರಸಿ ಜಂಟಿ ಆರ್ಡರಿಗೆ ಎಂಟು ಹೆಸರು ಬೇಕು

ಬೈತಕೋಲ್_33

ಕಾರವಾರದವರು ಇಬ್ಬರು, ಅಂಕೋಲೆಯವರೊಬ್ಬರು, ಶಿರಸಿಯವರೊಬ್ಬರು ಸೇರಿ ಒಂದೇ ಪಾರ್ಸೆಲ್ಲಿನಲ್ಲಿ ಎಂಟು ಎಲ್‌ಪಿ ತರಿಸುವ ಲೆಕ್ಕದಲ್ಲಿದ್ದೇವೆ. ಸಾಗಣೆ, ಸುಂಕ ಎಲ್ಲ ಸೇರಿ ಒಂದಕ್ಕೆ 4000 ರೂಪಾಯಿ ದಾಟಬಾರದು. ಬೇಕಾಗಿರುವುದು 2019ರಿಂದ ಈಚೆಗೆ ಬಂದ ಪಾಪ್. ಟೇಲರ್ ಸ್ವಿಫ್ಟ್, ಅಡೆಲ್, ಬಿಲ್ಲಿ ಐಲಿಶ್ ಬೇಡ, ಅವು ಎಲ್ಲಿ ಹೋದರೂ ಸಿಗುತ್ತವೆ. ಹಾಡು ಎರಡು ಸಲ ಕೇಳಿದರೆ ಬಾಯಿಗೆ ಬರುವಂತಿರಬೇಕು, ಆದರೆ ನಮ್ಮ ಕಡೆ ಹೆಸರೇ ಕೇಳಿರದವರು ಆಗಬೇಕು.

ಇಬ್ಬರ ಹತ್ತಿರ ಆಡಿಯೋ-ಟೆಕ್ನಿಕಾ ಎಲ್‌ಪಿ60ಎಕ್ಸ್ ಪ್ಲೇಯರ್, ಒಬ್ಬರ ಹತ್ತಿರ ಎಲ್‌ಪಿ120ಎಕ್ಸ್, ನಾಲ್ಕನೆಯವರದ್ದು ಸೂಟ್‌ಕೇಸ್ ಮಾದರಿ. ಮೂರು ಪ್ರಶ್ನೆ: ಯಾವ ಆಲ್ಬಮ್, ಕಪ್ಪೋ ಬಣ್ಣದ್ದೋ, ಈಗಲೇ ತರಿಸಬೇಕೋ ಮಳೆಗಾಲ ಕಳೆದ ಮೇಲೋ?

ದೇವಿಮನೆ_ಘಟ್ಟ

ಹೆಸರು ಕೊಡುತ್ತೇನೆ, ಅದಕ್ಕೂ ಮೊದಲು ಒಂದು ಲೆಕ್ಕ. ವಿನೈಲಿಗೆ ಪಾಪ್ ಆರಿಸುವಾಗ ವಿಮರ್ಶಕರು ಕೊಟ್ಟ ನಕ್ಷತ್ರ ಎಣಿಸಬೇಡಿ, ಸೈಡಿಗೆ ಎಷ್ಟು ನಿಮಿಷ ಅಂತ ಎಣಿಸಿ. 33⅓ ವೇಗದ ಹನ್ನೆರಡು ಇಂಚಿನ ತಟ್ಟೆಯಲ್ಲಿ ಒಂದು ಸೈಡಿಗೆ 18–20 ನಿಮಿಷ ಇದ್ದರೆ ಕೆತ್ತುವವರಿಗೆ ಗ್ರೂವ್‌ಗಳ (ಮುಳ್ಳು ಓಡುವ ಗೀರುಗಳ) ನಡುವೆ ಜಾಗ ಬಿಡಲು ಆಗುತ್ತದೆ. ಬಾಸ್ ತುಂಬಿ ಬರುತ್ತದೆ, ಮಟ್ಟವೂ ಗಟ್ಟಿ ಇರುತ್ತದೆ. ಅದೇ 25 ನಿಮಿಷ ತುರುಕಿದರೆ ಗ್ರೂವ್ ಒತ್ತೊತ್ತಾಗಿ ಕೂರಬೇಕು. ಹಾಗಾಗಿ ಒಟ್ಟು ಮಟ್ಟ ಇಳಿಸುತ್ತಾರೆ, ಬಾಸ್ ತೆಳು ಮಾಡುತ್ತಾರೆ. ಕೇಳುವವರು ವಾಲ್ಯೂಮ್ ಏರಿಸುತ್ತಾರೆ, ಜೊತೆಗೆ ಚಟಪಟ ಸದ್ದೂ ಏರುತ್ತದೆ. ಈಗಿನ ದೊಡ್ಡ ಪಾಪ್ ಆಲ್ಬಮ್ಮುಗಳಲ್ಲಿ ಹದಿನೇಳು–ಹದಿನೆಂಟು ಹಾಡು ಸಾಮಾನ್ಯ. ಅದನ್ನು ಒಂದೇ ತಟ್ಟೆಗೆ ಇಳಿಸಿದ್ದರೆ ಹಣ ಕೊಟ್ಟು ತೆಳ್ಳನೆ ಸದ್ದು ಕೊಂಡಂತೆ. ಸುದ್ದಿಯಾಗದವರೇ ಇನ್ನೂ ಮೂವತ್ತೈದು–ನಲವತ್ತು ನಿಮಿಷಕ್ಕೆ ಮುಗಿಸುವ ಅಳತೆ ಉಳಿಸಿಕೊಂಡಿದ್ದಾರೆ ಅಂತ ನನ್ನ ಅಂದಾಜು.

ಮೊದಲ ಹೆಸರು ಫಾಬಿಯಾನಾ ಪಲ್ಲಾಡಿನೋ, ಆಲ್ಬಮ್ಮಿಗೂ ಅದೇ ಹೆಸರು, 2024. ಹತ್ತು ಹಾಡು, ನಲವತ್ತು ನಿಮಿಷದೊಳಗೆ. ತಂದೆ ಪಿನೋ ಪಲ್ಲಾಡಿನೋ ಹೆಸರಾಂತ ಬಾಸ್ ವಾದಕರು. ಎಂಬತ್ತರ ದಶಕದ ಆರ್ ಅಂಡ್ ಬಿ ಹದ: ಡ್ರಮ್ ಮೆಷಿನ್, ಗಾಜಿನಂಥ ಕೀಬೋರ್ಡ್, ನಡುವೆ ಖಾಲಿ ಜಾಗ. ಈ ಖಾಲಿ ಜಾಗ ಮುಖ್ಯ. ವಾದ್ಯಗಳು ಒಂದರ ಮೇಲೊಂದು ಬಿದ್ದಿಲ್ಲದ ಮಿಶ್ರಣ ಅಗ್ಗದ ಕಾರ್ಟ್ರಿಜ್ಜಿನಲ್ಲೂ (ಮುಳ್ಳು ಕೂರುವ ತಲೆ) ಬಿಡಿಬಿಡಿಯಾಗಿ ಕೇಳುತ್ತದೆ. ‘ಐ ಕೇರ್’ ಹಾಡಿನಲ್ಲಿ ಗಾಯಕ ಜೈ ಪಾಲ್ ದನಿ ಇದೆ. ಕೊನೆಯ ‘ಫಾರೆವರ್’ ನಿಧಾನದ್ದು. ತಟ್ಟೆಯ ಒಳಸುತ್ತಿನಲ್ಲಿ ಕೂರಬೇಕಾದದ್ದು ಇಂಥ ಹಾಡೇ. ಎಂಟರಲ್ಲಿ ಒಂದನ್ನೇ ಕೊಳ್ಳಿ ಅಂದರೆ ನಾನು ತೋರಿಸುವುದು ಇದನ್ನು.

ಎರಡು, ಜೆಸಿಕಾ ಪ್ರ್ಯಾಟ್, ‘ಹಿಯರ್ ಇನ್ ದ ಪಿಚ್’, 2024. ಒಂಬತ್ತು ಹಾಡು, ಬರೀ 27 ನಿಮಿಷ. ‘ಇಷ್ಟಕ್ಕೆ ಇಷ್ಟು ದುಡ್ಡಾ’ ಅಂತ ಅನ್ನಿಸೀತು. ಆದರೆ ಸೈಡಿಗೆ ಹದಿಮೂರು–ಹದಿನಾಲ್ಕು ನಿಮಿಷ ಅಂದರೆ ಕೆತ್ತುವವರಿಗೆ ಬಯಲು ಬಿಟ್ಟ ಹಾಗೆ. ಅರವತ್ತರ ದಶಕದ ಕ್ಯಾಲಿಫೋರ್ನಿಯಾ ಪಾಪಿನ ಪ್ರತಿಧ್ವನಿ, ನೈಲಾನ್ ತಂತಿಯ ಗಿಟಾರು, ಪಕ್ಕದ ಕೋಣೆಯಿಂದ ಬಂದಂಥ ದನಿ. ತೊಂದರೆ ಒಂದೇ: ಇಷ್ಟು ಮೆತ್ತಗಿನ ರೆಕಾರ್ಡಿನಲ್ಲಿ ಒಂದು ಧೂಳಿನ ಕಣ ಇದ್ದರೂ ಕೇಳುತ್ತದೆ. ಸೂಟ್‌ಕೇಸ್ ಪ್ಲೇಯರಿನವರಿಗೆ ಇದು ಬೇಡ.

ಮೂರು, ದ ಲೆಮನ್ ಟ್ವಿಗ್ಸ್, ‘ಅ ಡ್ರೀಮ್ ಈಸ್ ಆಲ್ ವಿ ನೋ’, 2024, ಕ್ಯಾಪ್ಚರ್ಡ್ ಟ್ರ್ಯಾಕ್ಸ್ ಲೇಬಲ್ಲು. ಅಣ್ಣತಮ್ಮಂದಿರು ಇಬ್ಬರು, ಹನ್ನೆರಡು ಹಾಡು, 35 ನಿಮಿಷದ ಆಸುಪಾಸು. ಬೀಟಲ್ಸ್, ಬೀಚ್ ಬಾಯ್ಸ್ ಗೊತ್ತಿರುವ ಕಿವಿಗೆ ಮೊದಲ ಹಾಡಿಗೇ ಹಿಡಿಸುತ್ತದೆ. ಹಿಂದಿನ ವರ್ಷದ ‘ಎವ್ರಿಥಿಂಗ್ ಹಾರ್ಮನಿ’ ಹಾಡುಗಾರಿಕೆಯಲ್ಲಿ ಒಂದು ಕೈ ಮೇಲೇ ಇರಬಹುದು, ಆದರೆ ಅದು ಉದ್ದ. ತಟ್ಟೆಗೆ ಈ ಸಣ್ಣದೇ ಸರಿ.

ನಾಲ್ಕು, ವೈಸ್ ಬ್ಲಡ್, ‘ಟೈಟಾನಿಕ್ ರೈಸಿಂಗ್’, 2019, ಸಬ್ ಪಾಪ್. ಅಮೆರಿಕದಲ್ಲಿ ಇದನ್ನು ಅಲಕ್ಷಿತ ಅನ್ನಲಾಗದು, ನಮ್ಮ ಕಡೆ ಅನ್ನಬಹುದು. 42 ನಿಮಿಷ. ಹಾಡುಗಳನ್ನು ಜೋಡಿಸಿದ ಕ್ರಮ ನೋಡಿ: ಐದನೆಯದು ಒಂದೂವರೆ ನಿಮಿಷದ ವಾದ್ಯದ ತುಣುಕು, ಅಲ್ಲಿಗೆ ಮೊದಲ ಸೈಡ್ ಮುಗಿಯುತ್ತದೆ. ತಿರುಗಿಸಿ ಹಾಕಿದರೆ ಹೊರಸುತ್ತಿನಲ್ಲೇ ‘ಮೂವೀಸ್’, ಆಲ್ಬಮ್ಮಿನಲ್ಲಿ ಅತಿ ದೊಡ್ಡದಾಗಿ ಬೆಳೆಯುವ ಹಾಡು. ಕೊನೆಗೆ ಒಂದು ನಿಮಿಷದ ತಂತಿವಾದ್ಯ. ಗದ್ದಲದ್ದು ಹೊರಗೆ, ಮೆತ್ತಗಿನದು ಒಳಗೆ. ಮುಖಪುಟದ ಮಲಗುವ ಕೋಣೆ ಕಂಪ್ಯೂಟರಿನಲ್ಲಿ ಮಾಡಿದ್ದಲ್ಲ, ನಿಜವಾಗಿ ನೀರೊಳಗೆ ಕಟ್ಟಿ ತೆಗೆದ ಫೋಟೋ. ಆಷಾಢದ ಮಳೆ ನೋಡುತ್ತ ಕೂತವರಿಗೆ ಬೇರೆ ಚಿತ್ರ ಬೇಡ.

ಐದು, ಹೆಲಾಡೋ ನೆಗ್ರೋ, ‘ಫೇಸರ್’, 2024, 4ಎಡಿ ಲೇಬಲ್ಲು. 35 ನಿಮಿಷ, ಸ್ಪ್ಯಾನಿಷ್ ಮತ್ತು ಇಂಗ್ಲಿಷ್. ಬಾಸ್ ದುಂಡಗೆ, ದನಿ ಕಿವಿಯ ಹತ್ತಿರ. ಭಾಷೆ ಬಾರದಿದ್ದರೂ ಅಡ್ಡಿಲ್ಲ ಮಾರಾಯ್ರೆ, ಸಂಜೆ ಹೊತ್ತಿಗೆ ಹಾಕಿಟ್ಟರೆ ಯಾರೂ ತೆಗಿ ಅನ್ನುವುದಿಲ್ಲ.

ಎರಡು ತಟ್ಟೆಯ ಖರ್ಚು ತಡೆಯುವುದಾದರೆ ಮ್ಯಾಗ್ಡಲೀನಾ ಬೇ ಅವರ ‘ಇಮ್ಯಾಜಿನಲ್ ಡಿಸ್ಕ್’, 2024. 53 ನಿಮಿಷವನ್ನು ಎರಡು ತಟ್ಟೆಗೆ ಹಂಚಿದ್ದಾರೆ, ಸೈಡಿಗೆ ಹದಿಮೂರರಷ್ಟು. ನಿಮ್ಮ 4000ದೊಳಗೆ ಸಿಗುವುದು ಕಷ್ಟ.

ಸೈಡ್_ಬಿ

ದೇವಿಮನೆಯವರ ಲೆಕ್ಕ ಒಪ್ಪಿದೆ, ಆದರೆ ನಿಮಿಷ ಒಂದನ್ನೇ ಹಿಡಿದು ಹೋದರೆ ದಾರಿ ತಪ್ಪುತ್ತದೆ. ಉದಾಹರಣೆಗೆ ಆಲ್ವೇಸ್ ಅವರ ‘ಬ್ಲೂ ರೆವ್’, 2022. ಹದಿನಾಲ್ಕು ಹಾಡು, 39 ನಿಮಿಷಕ್ಕೂ ಕಡಿಮೆ. ನಿಮಿಷದ ಪರೀಕ್ಷೆಯಲ್ಲಿ ಪಾಸು. ಆದರೆ ಮಿಶ್ರಣವೇ ಗಿಟಾರಿನ ಮೋಡ, ದನಿಯನ್ನು ಬೇಕೆಂದೇ ಅದರೊಳಗೆ ಮುಳುಗಿಸಿದ್ದಾರೆ. ಎಲ್‌ಪಿ60ಎಕ್ಸ್‌ನ ದುಂಡು ಮುಳ್ಳಿನಲ್ಲಿ ಅದು ಗೋಜಲಾಗುತ್ತದೆ, ತಟ್ಟೆಯೇ ಕೆಟ್ಟಿದೆ ಅಂತ ವಾಪಸ್ ಕಳಿಸುವವರೂ ಇದ್ದಾರೆ. ರಾಗಗಳ ಮಟ್ಟಿಗೆ ಈ ಐದಾರು ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ಗಿಟಾರ್ ಪಾಪ್ ಇಲ್ಲ ಅನ್ನುವುದು ನನ್ನ ಹಟ. ಎಲ್‌ಪಿ120ಎಕ್ಸ್ ಇರುವವರು ತೆಗೆದುಕೊಳ್ಳಲಿ.

ಕುಣಿಯುವ ಪಾಪ್ ಒಂದೂ ಇಲ್ಲವಲ್ಲ ಪಟ್ಟಿಯಲ್ಲಿ? ಜೆಸ್ಸಿ ವೇರ್, ‘ದ್ಯಾಟ್! ಫೀಲ್ಸ್ ಗುಡ್!’, 2023. ಹತ್ತು ಹಾಡು, 40 ನಿಮಿಷ, ಒಂದೇ ತಟ್ಟೆ. ಬ್ರಿಟನ್ನಿನಲ್ಲಿ ಮೂರನೇ ಸ್ಥಾನಕ್ಕೆ ಹೋದದ್ದು, ಹಾಗಾಗಿ ಅಲಕ್ಷಿತ ಅನ್ನುವ ಮಾತಿಗೆ ಜಗಳ ಬೇಡ. ಆದರೆ ಹುಬ್ಬಳ್ಳಿಯಿಂದ ಮಡಗಾವಿನವರೆಗೆ ಹತ್ತು ಜನರನ್ನು ಕೇಳಿ, ಒಬ್ಬರಿಗೆ ಗೊತ್ತಿದ್ದರೆ ಹೆಚ್ಚು. ನಿಜವಾದ ತುತ್ತೂರಿ, ನಿಜವಾದ ತಾಳವಾದ್ಯ ಇರುವ ಡಿಸ್ಕೊ. ಅದೇ ಗಾಯಕಿಯ 2020ರ ‘ವಾಟ್ಸ್ ಯುವರ್ ಪ್ಲೆಷರ್?’ 53 ನಿಮಿಷದ್ದು, ಎರಡು ತಟ್ಟೆ. ಮೊದಲು ಸಣ್ಣದರಿಂದ ಶುರು ಮಾಡಿ.

ಇನ್ನೆರಡು ಹತ್ತಿರದವು. ಆರೂಜ್ ಆಫ್ತಾಬ್, ‘ನೈಟ್ ರೇನ್’, 2024, ವರ್ವ್ ಲೇಬಲ್ಲು. ಪಾಪ್ ಅನ್ನಲು ಕೆಲವರು ಒಪ್ಪುವುದಿಲ್ಲ, ಜಾಸ್ ಅಂತಾರೆ, ಇರಲಿ. ‘ನ ಗುಲ್’ ಹಾಡಿನ ಸಾಹಿತ್ಯ ಹೈದರಾಬಾದಿನ ಮಹ ಲಖಾ ಬಾಯಿ ಚಂದಾ ಅವರದ್ದು, ಹದಿನೆಂಟನೇ ಶತಮಾನದ ಉರ್ದು ಕವಯಿತ್ರಿ. ದಖ್ಖನಿನ ಸಾಲು ಅಮೆರಿಕದಲ್ಲಿ ಹಾಡಾಗಿ ತಟ್ಟೆ ಹತ್ತಿ ಮತ್ತೆ ಈ ಕಡೆ ಬರುತ್ತದೆ.

ಇನ್ನೊಂದು, ರೂಪಾ ಅವರ ‘ಡಿಸ್ಕೊ ಜಾಸ್’. ಹೊಸದಲ್ಲ, 1982ರದ್ದು. ಆದರೆ ನ್ಯೂಮೆರೋ ಗ್ರೂಪ್ ಲೇಬಲ್ಲು 2019ರಲ್ಲಿ ಮರುಮುದ್ರಿಸಿದ್ದರಿಂದ ನಿಮ್ಮ ಗಡಿಯೊಳಗೇ ಬರುತ್ತದೆ. ಕೆನಡಾದ ಕ್ಯಾಲ್ಗರಿಯಲ್ಲಿ ಧ್ವನಿಮುದ್ರಿಸಿದ ಬಂಗಾಳಿ ಡಿಸ್ಕೊ, ಆಶಿಷ್ ಖಾನ್ ಸರೋದ್. ಒಟ್ಟು ನಾಲ್ಕೇ ಹಾಡು. ‘ಆಜ್ ಶನಿಬಾರ್’ ಒಂದಕ್ಕೇ ತಟ್ಟೆಯ ಬೆಲೆ ಸಂದಾಯ. ಬಂದ ಕಾಲಕ್ಕೆ ಯಾರೂ ಕೊಳ್ಳದ ತಟ್ಟೆ ಇದು, ನೀವು ಕೇಳುತ್ತಿರುವ ‘ಅಲಕ್ಷಿತ’ಕ್ಕೆ ಇದಕ್ಕಿಂತ ಹೊಂದುವುದು ಇನ್ನೊಂದಿಲ್ಲ.

ಬಣ್ಣದ ವಿಷಯ: ಒಂದೇ ಬಣ್ಣದ, ಪಾರದರ್ಶಕ ಅಥವಾ ಗಟ್ಟಿ ಬಣ್ಣದ ತಟ್ಟೆಗೆ ಈಗ ಹೆದರಬೇಕಾಗಿಲ್ಲ, ಒಳ್ಳೆಯ ಕಾರ್ಖಾನೆಯದಾದರೆ ಕಪ್ಪಿಗೂ ಅದಕ್ಕೂ ಕಿವಿಗೆ ವ್ಯತ್ಯಾಸ ಸಿಗದು. ಚಿಮುಕಿಸಿದ ಬಣ್ಣ, ಕತ್ತಲಲ್ಲಿ ಹೊಳೆಯುವುದು ಮತ್ತು ಚಿತ್ರವೇ ಅಚ್ಚಾದ ಪಿಕ್ಚರ್ ಡಿಸ್ಕು, ಈ ಮೂರರಲ್ಲಿ ಹಿನ್ನೆಲೆ ಸದ್ದು ಹೆಚ್ಚು. ಪಿಕ್ಚರ್ ಡಿಸ್ಕಿನಲ್ಲಿ ಗ್ರೂವ್ ಕೂರುವುದು ಚಿತ್ರದ ಮೇಲೆ ಹಾಕಿದ ತೆಳು ಪದರದಲ್ಲಿ, ಅದಕ್ಕೇ ಆ ಸರಸರ. ಗೋಡೆಗೆ ಹಾಕಲು ಚೆಂದ. ‘180 ಗ್ರಾಂ’ ಅನ್ನುವ ಚೀಟಿಗೂ ಹೆಚ್ಚು ಕೊಡಬೇಡಿ. ಭಾರ ಹೆಚ್ಚಿದರೆ ಸಾಗಣೆ ಹೆಚ್ಚುತ್ತದೆ, ಗ್ರೂವ್ ಆಳ ಅಷ್ಟೇ ಇರುತ್ತದೆ.

ಬೈತಕೋಲ್_33

ಉಪಕಾರ. ಎಲ್‌ಪಿ60ಎಕ್ಸ್‌ನಲ್ಲಿ ಸೈಡಿನ ಕೊನೆ ಹಾಡು ಬಂದಾಗ ‘ಸ’, ‘ಶ’ ಎಲ್ಲ ಚರಚರ ಅನ್ನುತ್ತದೆ, ಹೊಸ ತಟ್ಟೆಯಲ್ಲೂ. ಇದು ಪ್ರೆಸ್ಸಿಂಗ್ (ಅಚ್ಚೊತ್ತುವಾಗಿನ) ದೋಷವೋ ಪ್ಲೇಯರಿನದೋ? ತಟ್ಟೆ ಬಂದ ಕೂಡಲೇ ಏನೇನು ನೋಡಬೇಕು?

ಒಳಸುತ್ತು

ಎರಡರದ್ದೂ ಅಲ್ಲ, ಗಣಿತದ್ದು. ತಟ್ಟೆ ಸುತ್ತುವ ವೇಗ ಒಂದೇ, ಆದರೆ ಮುಳ್ಳಿನ ಕೆಳಗೆ ಗ್ರೂವ್ ಹರಿಯುವ ವೇಗ ಒಂದೇ ಅಲ್ಲ. ಹೊರಸುತ್ತಿನಲ್ಲಿ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್, ಲೇಬಲ್ಲಿನ ಹತ್ತಿರ ಬರುವ ಹೊತ್ತಿಗೆ ಸುಮಾರು 21. ಅಷ್ಟೇ ಸಂಗೀತವನ್ನು ಅರ್ಧಕ್ಕಿಂತ ಕಡಿಮೆ ಉದ್ದದಲ್ಲಿ ಬರೆಯಬೇಕು, ಹಾಗಾಗಿ ‘ಸ’ಕಾರದ ಅಲೆಗಳು ಬಹಳ ಕಿರಿದಾಗುತ್ತವೆ. ಎಲ್‌ಪಿ60ಎಕ್ಸ್‌ನ ಮುಳ್ಳು ಶಂಕುವಿನಾಕಾರ, ತುದಿ ದುಂಡು. ಆ ಕಿರಿದಾದ ಅಲೆಯ ತಗ್ಗಿಗೆ ಇಳಿಯದೆ ಮೇಲಿಂದ ಮೇಲೆ ಸವರಿಕೊಂಡು ಹೋಗುತ್ತದೆ. ನೀವು ಕೇಳುವ ಚರಚರ ಅದೇ. ದೇವಿಮನೆಯವರು ‘ಕೊನೆ ಹಾಡು ಮೆತ್ತಗಿರಲಿ’ ಅಂದದ್ದು ಇದಕ್ಕೇ.

ಎಲ್‌ಪಿ60ಎಕ್ಸ್‌ನಲ್ಲಿ ಮುಳ್ಳಿನ ಭಾರ ಕಾರ್ಖಾನೆಯಲ್ಲೇ ಕೂರಿಸಿದ್ದು, ತಿರುಗಿಸಲು ಹಿಂದೆ ತೂಕದ ಗುಂಡು ಇಲ್ಲ. ಮಾಡಬಹುದಾದದ್ದು ಮೂರೇ. ಪ್ಲೇಯರ್ ಮೇಲೆ ಬಡಗಿಯ ಮಟ್ಟದ ಗುಳ್ಳೆ ಇಟ್ಟು ನಾಲ್ಕೂ ದಿಕ್ಕಿಗೆ ಸಮ ಮಾಡುವುದು. ಪ್ರತಿ ಸೈಡಿಗೂ ಮುಳ್ಳನ್ನು ಹಿಂದಿನಿಂದ ಮುಂದಕ್ಕೆ ಮಾತ್ರ ಒಣ ಬ್ರಷ್ಷಿನಿಂದ ಒಂದು ಸಲ ಎಳೆಯುವುದು. ಅಕ್ಕಪಕ್ಕ ಎಳೆದರೆ ಅದರ ಕಡ್ಡಿ ಸೊಟ್ಟಗಾಗುತ್ತದೆ. ಮೂರನೆಯದು, 400 ಗಂಟೆ ಆದ ಮೇಲೆ ಮುಳ್ಳು ಬದಲಿಸುವುದು. ಎಟಿಎನ್3600ಎಲ್ ಅಂತ ಕೇಳಿದರೆ ಸಿಗುತ್ತದೆ, ಮುಂದಕ್ಕೆ ಎಳೆದರೆ ಕಳಚುತ್ತದೆ, ಉಪಕರಣ ಬೇಡ. ಗಂಟೆಯ ಲೆಕ್ಕ ಇಡುವುದು ಬೇಜಾರಾದರೆ, ದಿನಕ್ಕೆ ಒಂದು ಎಲ್‌ಪಿ ಕೇಳುವವರಿಗೆ ಸುಮಾರು ಒಂದೂವರೆ ವರ್ಷ ಅಂದುಕೊಳ್ಳಿ.

ಎಲ್‌ಪಿ120ಎಕ್ಸ್ ಜೊತೆ ಬರುವುದು ವಿಎಂ95ಇ ಕಾರ್ಟ್ರಿಜ್ಜು, ಅಂಡಾಕಾರದ ಮುಳ್ಳು. ಭಾರ 2.0 ಗ್ರಾಂ, 1.8ರಿಂದ 2.2ರ ನಡುವೆ ಇರಬೇಕು. ಗುಂಡಿನ ಮೇಲಿನ ಅಂಕಿಯನ್ನು ನಂಬುವ ಮೊದಲು ತೋಳು ಗಾಳಿಯಲ್ಲಿ ಸಮತಟ್ಟಾಗಿ ತೇಲುವಂತೆ ಮಾಡಿ, ಆಮೇಲೆ ಅಂಕಿಯ ಉಂಗುರ ಮಾತ್ರ ಸೊನ್ನೆಗೆ ತಿರುಗಿಸಿ, ಆಮೇಲೆ ಗುಂಡು ಪೂರ್ತಿ ತಿರುಗಿಸಿ ಎರಡಕ್ಕೆ ತನ್ನಿ. ತೋಳು ಒಳಕ್ಕೆ ಜಾರದಂತೆ ತಡೆಯುವ ಆ್ಯಂಟಿ-ಸ್ಕೇಟೂ ಎರಡು. ಹಗುರ ಇಟ್ಟರೆ ತಟ್ಟೆ ಸವೆಯುವುದಿಲ್ಲ ಅಂತ 1.5ಕ್ಕೆ ಇಳಿಸುವವರಿದ್ದಾರೆ. ಆಗ ಮುಳ್ಳು ಗ್ರೂವಿನ ಗೋಡೆ ಬಿಟ್ಟು ಜಿಗಿದು ಬಡಿಯುತ್ತದೆ, ಸವೆತ ಅಲ್ಲೇ ಹೆಚ್ಚು. ಇದೇ ಕಾರ್ಟ್ರಿಜ್ಜಿಗೆ ಮುಂದೆ ವಿಎಂ95ಎಂಎಲ್ ಮುಳ್ಳು ಹಾಕಿಕೊಳ್ಳಬಹುದು, ದೇಹ ಬದಲಿಸಬೇಕಿಲ್ಲ. ಒಳಸುತ್ತಿನ ಚರಚರಕ್ಕೆ ಅದೇ ಮದ್ದು.

ಸೂಟ್‌ಕೇಸ್ ಪ್ಲೇಯರಿನವರಿಗೆ ನೇರವಾಗಿ ಹೇಳುವುದಾದರೆ, ಹಲವು ಮಾದರಿಗಳಲ್ಲಿ ಮುಳ್ಳಿನ ಭಾರ 5 ಗ್ರಾಂ ದಾಟುತ್ತದೆ. ಜಿಗಿಯುತ್ತದೆ ಅಂತ ತೋಳಿನ ತಲೆಯ ಮೇಲೆ ನಾಣ್ಯ ಅಂಟಿಸಬೇಡಿ. ಈ ಸಲದ ಪಾಲಿನ ಎರಡು ತಟ್ಟೆಯ ದುಡ್ಡು ಉಳಿಸಿ ಪ್ಲೇಯರಿಗೆ ಸೇರಿಸುವುದು ಜಾಣತನ.

ತಟ್ಟೆ ಬಂದ ದಿನ ನೋಡಬೇಕಾದ್ದು. ಪೆಟ್ಟಿಗೆ ಒಡೆಯುವುದನ್ನು ತಡೆಯಿಲ್ಲದೆ ವಿಡಿಯೋ ಮಾಡಿ, ವಾಪಸ್ ಕೇಳುವಾಗ ಇದೊಂದೇ ಸಾಕ್ಷಿ. ತಟ್ಟೆಯನ್ನು ಅಂಚಿನಿಂದ ಹಿಡಿದು ಕಣ್ಣಿನ ಮಟ್ಟಕ್ಕೆ ತಂದು ಕಿಟಕಿಯ ಬೆಳಕಿಗೆ ಓರೆ ಮಾಡಿ. ಪ್ಲೇಯರ್ ಮೇಲೆ ಸುತ್ತುವಾಗ ತೋಳು ಮೇಲೆ–ಕೆಳಗೆ ಆಡಿದರೆ ತಟ್ಟೆ ಸೊಟ್ಟ. ಸ್ವಲ್ಪ ಆಡಿದರೂ ಸದ್ದು ಕೆಡದಿದ್ದರೆ ಬಿಡಿ, ಅದು ಸಹಜ. ತೋಳು ಎಡಕ್ಕೆ–ಬಲಕ್ಕೆ ತೂಗಿದರೆ ನಡುವಿನ ತೂತು ಸರಿಯಾದ ಜಾಗದಲ್ಲಿಲ್ಲ. ಇದು ಹಾಡಿನ ಶ್ರುತಿಯನ್ನೇ ಅಲುಗಿಸುತ್ತದೆ, ಪಿಯಾನೋದ ಉದ್ದ ಸ್ವರದಲ್ಲಿ ಮೊದಲು ಗೊತ್ತಾಗುವುದು. ಜೆಸಿಕಾ ಪ್ರ್ಯಾಟ್ ತಟ್ಟೆಯಲ್ಲಿ ಹೀಗಿದ್ದರೆ ಸುಮ್ಮನಿರಬೇಡಿ, ಬದಲಿ ಕೇಳಿ. ಇನ್ನೊಂದು ದೋಷಕ್ಕೆ ನಾನ್-ಫಿಲ್ ಅನ್ನುತ್ತಾರೆ: ಅಚ್ಚೊತ್ತುವಾಗ ಪಿವಿಸಿ ಗ್ರೂವಿನ ತುಂಬ ಹರಿದಿರುವುದಿಲ್ಲ. ಬಟ್ಟೆ ಹರಿದಂಥ ಸದ್ದು, ಹೆಚ್ಚಾಗಿ ಒಂದೇ ಸ್ಪೀಕರಿನಲ್ಲಿ. ಬೆಳಕಿಗೆ ಹಿಡಿದರೆ ಹೊಲಿಗೆ ಹಾಕಿದಂತೆ ಸಣ್ಣ ಸಣ್ಣ ಗುರುತು ಕಾಣುತ್ತದೆ. ತೊಳೆದರೆ ಹೋಗುವುದಿಲ್ಲ, ಬದಲಿಸಿಕೊಳ್ಳಲೇಬೇಕು. ಬರೀ ಚಟ್ ಚಟ್ ಅಂದರೆ ಅದು ಕಾಗದದ ಪುಡಿ, ತೊಳೆದರೆ ಹೋಗುತ್ತದೆ.

ತೊಳೆಯಲು ಒಂದು ಲೀಟರ್ ಡಿಸ್ಟಿಲ್ಡ್ ವಾಟರ್, ಅದಕ್ಕೆ 100 ಮಿಲಿ ಐಸೊಪ್ರೊಪೈಲ್ ಆಲ್ಕೋಹಾಲು, ಬಣ್ಣ–ಸುವಾಸನೆ ಇಲ್ಲದ ಪಾತ್ರೆ ಸೋಪು ಎರಡು ಹನಿ. ಮೈಕ್ರೋಫೈಬರ್ ಬಟ್ಟೆಯಲ್ಲಿ ಗ್ರೂವಿನ ದಿಕ್ಕಿಗೇ ಒರೆಸಿ, ಆಮೇಲೆ ಬರೀ ನೀರಿನಲ್ಲಿ ಇನ್ನೊಮ್ಮೆ. ಲೇಬಲ್ಲಿಗೆ ನೀರು ತಾಗಬಾರದು. ಅಜ್ಜನ ಕಾಲದ 78ರ ಪ್ಲೇಟುಗಳಿಗೆ ಇದನ್ನು ಹಚ್ಚಬೇಡಿ, ಅವು ಅರಗಿನವು, ಆಲ್ಕೋಹಾಲಿಗೆ ಕರಗುತ್ತವೆ.

ಕಾಳಿ_ಸಂಗಮ

ಯಾವಾಗ ತರಿಸುವುದು ಅನ್ನುವುದಕ್ಕೆ ಯಾರೂ ಉತ್ತರ ಕೊಡಲಿಲ್ಲ. ಸೆಪ್ಟೆಂಬರ್ ಕೊನೆಯವರೆಗೆ ತಡೆಯಿರಿ. ಜೂನ್‌ನಿಂದ ಘಟ್ಟದ ದಾರಿ ಯಾವ ದಿನ ಬಂದಾಗುತ್ತದೆ ಹೇಳಲಾಗದು. ಅರಬೈಲೂ ಅಷ್ಟೇ, ದೇವಿಮನೆಯೂ ಅಷ್ಟೇ. 2024ರ ಜುಲೈಯಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದದ್ದು ಯಾರಿಗೂ ಮರೆತಿಲ್ಲ, ಅದರ ಮುಂದೆ ಪಾರ್ಸೆಲ್ ತಡವಾಗುವುದು ಮಾತೇ ಅಲ್ಲ. ಆದರೆ ಹೀಗೆ ನಿಂತ ಪಾರ್ಸೆಲ್ ಗೋದಾಮಿನ ನೆಲದಲ್ಲಿ ಒದ್ದೆಯಾಗಿ ಕೂತರೆ ಮುಖಪುಟದ ರಟ್ಟು ಉಬ್ಬುತ್ತದೆ. ಏಪ್ರಿಲ್–ಮೇ ಕೂಡ ಬೇಡ, ಬಿಸಿಲಲ್ಲಿ ನಿಂತ ವ್ಯಾನಿನೊಳಗೆ ತಟ್ಟೆ ಸೊಟ್ಟಗಾಗುತ್ತದೆ. ಅಕ್ಟೋಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಬಂದ ಪೆಟ್ಟಿಗೆಯನ್ನು ಒಂದು ತಾಸು ನೆರಳಲ್ಲಿ ಅಡ್ಡ ಮಲಗಿಸಿಟ್ಟು ಆಮೇಲೆ ಒಡೆಯಿರಿ.

ಆರ್ಡರ್ ಮಾಡುವಾಗ ಅಂಗಡಿಯವರಿಗೆ ಎರಡು ಸಾಲು ಬರೆಯಿರಿ: ತಟ್ಟೆಯನ್ನು ಮುಖಪುಟದ ಕವರಿನಿಂದ ಹೊರಗೆ ತೆಗೆದು, ಒಳಚೀಲದ ಸಮೇತ ಕವರಿನ ಹಿಂದೆ ಇಟ್ಟು ಕಳಿಸಿ, ಹೊರಗೆ ಪ್ಲಾಸ್ಟಿಕ್ ಸುತ್ತಿ. ಹಾಗೆ ಮಾಡದಿದ್ದರೆ ಪಾರ್ಸೆಲ್ ಎತ್ತಿ ಹಾಕಿದಾಗಲೆಲ್ಲ ತಟ್ಟೆಯ ಅಂಚು ಕವರಿನ ಹೊಲಿಗೆಯನ್ನು ಒಳಗಿನಿಂದ ಕೊಯ್ಯುತ್ತದೆ. ಸೀಲ್ ಒಡೆಯಬೇಕಾಗುತ್ತದೆ ಅಂತ ಕೆಲವರು ಒಪ್ಪುವುದಿಲ್ಲ. ಕೇಳುವುದಕ್ಕೆ ಕೊಳ್ಳುವವರಿಗೆ ಸೀಲ್ ಯಾಕೆ?

ಎಂಟು ತಟ್ಟೆ, ಪೆಟ್ಟಿಗೆ ಸೇರಿ ಮೂರು ಕಿಲೋ ಹತ್ತಿರ ಬರುತ್ತದೆ. ವಿದೇಶದಿಂದ ನೇರ ತರಿಸಿದರೆ ಸುಂಕ ಬೀಳುವುದು ತಟ್ಟೆಯ ಬೆಲೆಗೆ ಮಾತ್ರ ಅಲ್ಲ, ಸಾಗಣೆ ಖರ್ಚು ಸೇರಿಸಿದ ಮೊತ್ತಕ್ಕೆ. ಅದರ ಮೇಲೆ ಐಜಿಎಸ್‌ಟಿ (ಆಮದಿನ ಜಿಎಸ್‌ಟಿ), ಅದರ ಮೇಲೆ ಕೊರಿಯರ್‌ನವರ ನಿರ್ವಹಣಾ ಶುಲ್ಕ. ಈ ಕೊನೆಯದು ಪಾರ್ಸೆಲ್ಲಿಗೆ ಒಂದು ಸಲ, ಹಾಗಾಗಿ ಎಂಟನ್ನೂ ಒಟ್ಟಿಗೆ ತರಿಸುವ ನಿಮ್ಮ ಯೋಚನೆ ಸರಿ. ಯಾರ ಹೆಸರಿಗೆ ಬರುತ್ತದೋ ಅವರ ಆಧಾರ್ ಅಥವಾ ಪ್ಯಾನ್ ಕೇಳುತ್ತಾರೆ. ಹೆಸರಿನ ಅಕ್ಷರ ವಿಳಾಸದ ಚೀಟಿಯಲ್ಲಿ ಇರುವ ಹಾಗೇ ಇರಬೇಕು, ಇಲ್ಲದಿದ್ದರೆ ಕಸ್ಟಮ್ಸಿನಲ್ಲೇ ಕೂರುತ್ತದೆ. ಮೊದಲು ದೇಶದೊಳಗಿನ ಅಂಗಡಿಗಳ ಬೆಲೆ ನೋಡಿ, ಮೂರ್ನಾಲ್ಕು ಆದರೂ ಇಲ್ಲೇ ಸಿಕ್ಕಾವು. ಉಳಿದದ್ದಕ್ಕೆ ಮಾತ್ರ ಹೊರಗೆ ಕೈ ಚಾಚಿ. ಶಿರಸಿಯವರ ಮನೆ ಪೇಟೆಯಿಂದ ದೂರ ಇದ್ದರೆ ಅವರ ಪಾಲನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಖಾಸಗಿಯವರು ಪೇಟೆಯಲ್ಲೇ ನಿಂತು ‘ಬಂದು ಒಯ್ಯಿರಿ’ ಅಂತ ಫೋನ್ ಮಾಡುತ್ತಾರೆ, ಅಂಚೆಯವರು ತೋಟದ ಮನೆಗೂ ಹೋಗುತ್ತಾರೆ.

ಇನ್ನು ಬೂಷ್ಟು. ಮಳೆಗಾಲದಲ್ಲಿ ಕಾರವಾರದ ಗಾಳಿಯ ತೇವಾಂಶ ಶೇಕಡಾ 85 ದಾಟುತ್ತದೆ. ಬೂಷ್ಟು ತಿನ್ನುವುದು ತಟ್ಟೆಯನ್ನಲ್ಲ, ರಟ್ಟು, ಕಾಗದದ ಒಳಚೀಲ ಮತ್ತು ಲೇಬಲ್ಲನ್ನು. ಆದರೆ ಕಾಗದದಿಂದ ಗ್ರೂವಿಗೆ ದಾಟಿಕೊಂಡು ಬಿಳಿ ಚುಕ್ಕೆಗಳಾಗಿ ಕೂತರೆ ಆ ಸುತ್ತಿನುದ್ದಕ್ಕೂ ಚಟ್ ಚಟ್. ಹಾಗಾಗಿ ಬಂದ ದಿನವೇ ಕಾಗದದ ಒಳಚೀಲ ತೆಗೆದು ಪಾಲಿಥಿನ್ ಒಳಪದರ ಇರುವುದಕ್ಕೆ ಬದಲಿಸಿ. ಹೊರಗಿನ ಸೀಲಿನ ಪ್ಲಾಸ್ಟಿಕ್ ಪೂರ್ತಿ ಕಿತ್ತು ಹಾಕಿ. ಬಿಗಿದುಕೊಂಡರೆ ತಟ್ಟೆ ಬಾಗುತ್ತದೆ, ಒಳಗೆ ಪಸೆಯೂ ನಿಲ್ಲುತ್ತದೆ. ಹೊರಚೀಲ ಪಾಲಿಪ್ರೊಪಿಲೀನ್ ಆಗಿರಲಿ. ಮೆತ್ತಗೆ, ದಪ್ಪಗೆ, ವಾಸನೆ ಬರುವ ಪಿವಿಸಿ ಚೀಲ ಬೇಡವೇ ಬೇಡ. ಅದರ ಎಣ್ಣೆಯಂಥ ಅಂಶ ತಟ್ಟೆಯ ಮೇಲೆ ಮಂಜಿನ ಹಾಗೆ ಕೂರುತ್ತದೆ, ತೊಳೆದರೂ ಬಿಡುವುದಿಲ್ಲ.

ಇಡುವುದು ಕಬ್ಬಿಣದ ಕಪಾಟಿನಲ್ಲಿ, ನೆಟ್ಟಗೆ, ಹೊರಗೋಡೆಗೆ ತಾಗದ ಹಾಗೆ, ಕೆಳಗಿನ ಖಾನೆ ಬಿಟ್ಟು. ಖಾನೆಯ ಆಳ 33 ಸೆಂಟಿಮೀಟರ್ ಬೇಕು. ಒರಗಿಸಿಟ್ಟರೆ ಒಂದೇ ಮಳೆಗಾಲದಲ್ಲಿ ಬಾಗುತ್ತದೆ. ಸಿಲಿಕಾ ಜೆಲ್ ನೂರು ಗ್ರಾಮಿನ ಎರಡು ಚೀಲ ಒಂದು ಖಾನೆಗೆ. ಬಣ್ಣ ತಿರುಗುವ ಜಾತಿಯದೇ ತನ್ನಿ, ಯಾವಾಗ ದಣಿಯಿತು ಅಂತ ಕಣ್ಣಿಗೆ ಗೊತ್ತಾಗುತ್ತದೆ. ಜುಲೈಯಲ್ಲಿ ವಾರಕ್ಕೇ ದಣಿಯುತ್ತದೆ. ಓವನ್ನಿನಲ್ಲಿ 120 ಡಿಗ್ರಿಗೆ ಎರಡು ತಾಸು ಇಟ್ಟರೆ ಮತ್ತೆ ಮೊದಲಿನಂತೆ. ಅಡುಗೆಯ ತಟ್ಟೆಯಲ್ಲಿ ಇಡಬೇಡಿ, ಬೇರೆ ಇರಲಿ. ಹಳೇ ಮನೆಗಳಲ್ಲಿ ರೇಷ್ಮೆ ಸೀರೆಯ ಕಪಾಟಿಗೆ 15 ವ್ಯಾಟಿನ ಜೀರೋ ಬಲ್ಬು ಹಾಕುತ್ತಿದ್ದರಲ್ಲ, ಅದೇ ಉಪಾಯ ಇಲ್ಲೂ ನಡೆಯುತ್ತದೆ. ಒಳಗಿನ ಗಾಳಿ ಮೂರ್ನಾಲ್ಕು ಡಿಗ್ರಿ ಬಿಸಿಯಾದರೆ ತೇವದ ಪ್ರಮಾಣ ಇಳಿಯುತ್ತದೆ. ಆದರೆ ಬಲ್ಬು ಕೆಳಗಿನ ಖಾಲಿ ಖಾನೆಯಲ್ಲಿರಬೇಕು, ತಟ್ಟೆಗೆ ಒಂದು ಅಡಿಯಾದರೂ ದೂರ. ಎಲ್‌ಇಡಿ ಹಾಕಿ ಪ್ರಯೋಜನವಿಲ್ಲ, ಅದು ಬಿಸಿಯಾಗುವುದಿಲ್ಲ.

ಕರಾವಳಿಯಲ್ಲಿ ಒಂದು ಲಾಭವೂ ಉಂಟು. ಒಣ ಊರಿನವರು ಸ್ಟ್ಯಾಟಿಕ್ (ಸ್ಥಿರ ವಿದ್ಯುತ್) ಹಿಡಿದು ಧೂಳು ಅಂಟುತ್ತದೆ ಅಂತ ಗೋಳಾಡುತ್ತಾರೆ, ಇಲ್ಲಿ ಆ ಕಾಟ ಕಡಿಮೆ. ಅದಕ್ಕೆಂದು ಮಾರುವ ಪಿಸ್ತೂಲು ಗಿಸ್ತೂಲು ಕೊಳ್ಳಬೇಡಿ.

ಬೈತಕೋಲ್_33

ಹಾಗಾದರೆ ಎಂಟು ಹೀಗೆ: ಪಲ್ಲಾಡಿನೋ ಎರಡು ಪ್ರತಿ, ಪ್ರ್ಯಾಟ್, ಲೆಮನ್ ಟ್ವಿಗ್ಸ್, ವೈಸ್ ಬ್ಲಡ್, ಜೆಸ್ಸಿ ವೇರ್, ರೂಪಾ. ಎಂಟನೆಯದಕ್ಕೆ ‘ಬ್ಲೂ ರೆವ್’ ಮತ್ತು ‘ಫೇಸರ್’ ನಡುವೆ ಜಗಳ ನಡೀತಾ ಇದೆ. ಒಂದು ಸಂಶಯ: ಡಿಸ್ಟಿಲ್ಡ್ ವಾಟರ್ ಬದಲು ಪೆಟ್ರೋಲ್ ಬಂಕಿನ ಬ್ಯಾಟರಿ ನೀರು ಆಗುತ್ತದೆಯೇ?

ಒಳಸುತ್ತು

ಸೀಲ್ ಮಾಡಿದ ಡಬ್ಬಿಯದಾದರೆ ಆಗುತ್ತದೆ, ಖನಿಜ ತೆಗೆದ ನೀರೇ ಅದು. ಕ್ಯಾನಿನಿಂದ ಬಿಡಿಯಾಗಿ ಅಳೆದು ಕೊಡುವುದು ಬೇಡ, ಅದೇ ಲೋಟದಲ್ಲಿ ಆ್ಯಸಿಡ್ಡೂ ಅಳೆದಿರುತ್ತಾರೆ. ಬಾವಿ ನೀರು, ಫಿಲ್ಟರ್ ನೀರು ಎರಡೂ ಒಣಗಿದ ಮೇಲೆ ಗ್ರೂವಿನಲ್ಲಿ ಉಪ್ಪಿನ ಕಲೆ ಬಿಡುತ್ತವೆ.

ಸೈಡ್_ಬಿ

ಎಂಟನೆಯದು ಯಾರ ಪಾಲಿಗೆ ಹೋಗುತ್ತದೆ ನೋಡಿ. ಎಲ್‌ಪಿ120ಎಕ್ಸ್‌ನವರಿಗಾದರೆ ‘ಬ್ಲೂ ರೆವ್’, ಉಳಿದವರಿಗಾದರೆ ‘ಫೇಸರ್’.